ಓದುಗರ ಪ್ರಶ್ನೆ, ನಮ್ಮ ಉತ್ತರ: ಅಂಗೈಯಗಲದ ಪರದೆಗೆ ಬರಲಿರುವ ಜಿಗಿತದ ಆಟ

ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರವಾದ ಗೇಮ್ ಬಾಯ್ ಕಾಲದ ರೂಪ ಹೊತ್ತು ಬರಲಿರುವ, ಓಡುತ್ತ ಜಿಗಿಯುತ್ತ ಸಾಗುವ ಹೊಸ ಪ್ಲಾಟ್‌ಫಾರ್ಮರ್ ಆಟಗಳ ಬಗ್ಗೆ ಈ ಸಲ ಬಂದ ಪತ್ರಗಳು ಬಹಳ. ಕೆಲವರು ಟ್ರೇಲರ್ ನೋಡಿ ಕಾಯುತ್ತಿದ್ದಾರೆ, ಕೆಲವರು ಡೆಮೊ ಆಡಿ ಸಂಶಯಕ್ಕೆ ಬಿದ್ದಿದ್ದಾರೆ, ಇಬ್ಬರು ಮೂವರು ತಾವೇ ಒಂದು ಆಟ ಕಟ್ಟಲು ಕೂತಿದ್ದಾರೆ. ಒಂದೇ ವಿಷಯಕ್ಕೆ ಸೇರಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನು ಎದುರು ನೋಡುತ್ತಿರುವ ಆಟದ ಟ್ರೇಲರ್ ಮಾತ್ರ ಹೊರಬಂದಿದೆ. ಚಿತ್ರ, ಸಂಗೀತ ಎರಡೂ ಹಿಡಿಸಿವೆ. ಆಡಲು ಹೇಗಿರುತ್ತದೆ ಎಂಬುದನ್ನು ಟ್ರೇಲರ್ ನೋಡಿಯೇ ಊಹಿಸಬಹುದೇ?

ಸಾಕಷ್ಟು ಊಹಿಸಬಹುದು. ಮೊದಲು ಸದ್ದು ನಿಲ್ಲಿಸಿ ನೋಡಿ. ಟ್ರೇಲರಿನ ಸಂಗೀತ ಆಟವನ್ನು ಇರುವುದಕ್ಕಿಂತ ಚುರುಕಾಗಿ ಕಾಣಿಸುತ್ತದೆ. ಯೂಟ್ಯೂಬ್ ಆದರೆ ವಿಡಿಯೊ ನಿಲ್ಲಿಸಿ ಕೀಬೋರ್ಡಿನ ಪೂರ್ಣವಿರಾಮದ ಕೀ ಒತ್ತಿ, ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಬಿಡಿ ಚಿತ್ರ, ಮುಂದಕ್ಕೆ ಹೋಗುತ್ತದೆ. ಅಲ್ಪವಿರಾಮದ ಕೀ ಒತ್ತಿದರೆ ಹಿಂದಕ್ಕೆ. ಇಂಥ ಆಟಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮಿನಲ್ಲಿ ಓಡುತ್ತವೆ, ಆದ್ದರಿಂದ ವಿಡಿಯೊವೂ 60 ಫ್ರೇಮಿನದಾಗಿದ್ದರೆ ಎಣಿಕೆ ನೇರ. 30ರದ್ದಾಗಿದ್ದರೆ ಎಣಿಸಿದ್ದನ್ನು ಎರಡರಿಂದ ಗುಣಿಸಬೇಕು.

ಎಣಿಸಬೇಕಾದ ಮೊದಲ ಸಂಗತಿ, ನಾಯಕನ ಮುಂದೆ ಎಷ್ಟು ದಾರಿ ಕಾಣುತ್ತದೆ ಎಂಬುದು. ಸಣ್ಣ ಪರದೆಯ ಪ್ಲಾಟ್‌ಫಾರ್ಮರ್ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಗೇಮ್ ಬಾಯ್ ಪರದೆ 160 ಪಿಕ್ಸೆಲ್ ಅಗಲ, 144 ಪಿಕ್ಸೆಲ್ ಎತ್ತರ. 16 ಪಿಕ್ಸೆಲ್ ಅಗಲದ ನಾಯಕ ನಟ್ಟನಡುವೆ ನಿಂತರೆ ಮುಂದೆ ಕಾಣುವುದು 72 ಪಿಕ್ಸೆಲ್. ಅವನು ಫ್ರೇಮಿಗೆ 2 ಪಿಕ್ಸೆಲ್‌ನಂತೆ ಓಡುತ್ತಿದ್ದು, ಎದುರಿನಿಂದ ಶತ್ರು ಫ್ರೇಮಿಗೆ 1 ಪಿಕ್ಸೆಲ್‌ನಂತೆ ಬರುತ್ತಿದ್ದರೆ, ಶತ್ರು ಪರದೆಗೆ ಬಂದ 24ನೇ ಫ್ರೇಮಿಗೆ, ಅಂದರೆ 0.4 ಸೆಕೆಂಡಿಗೆ, ಡಿಕ್ಕಿ. ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ಕಾಲು ಸೆಕೆಂಡು ಬೇಕು, ಅದಕ್ಕೆ 15 ಫ್ರೇಮ್ ಹೋಯಿತು. ಕಾಲು ಶತ್ರುವಿನ ತಲೆಯ ಎತ್ತರಕ್ಕೆ ಏರಲು ಇನ್ನೊಂದು 5 ಫ್ರೇಮ್. ಆಟಗಾರನಿಗೆ ಉಳಿದದ್ದು 4 ಫ್ರೇಮ್. ಅದೇ ನಾಯಕನನ್ನು ಪರದೆಯ ಎಡಗಡೆ, 45ನೇ ಪಿಕ್ಸೆಲ್‌ನ ಹತ್ತಿರ ನಿಲ್ಲಿಸಿದರೆ ಮುಂದೆ 99 ಪಿಕ್ಸೆಲ್ ಸಿಗುತ್ತದೆ. ಡಿಕ್ಕಿಗೆ 33 ಫ್ರೇಮ್, ಆಟಗಾರನ ಪಾಲಿಗೆ ಉಳಿಯುವುದು 13. ಕ್ಯಾಮೆರಾ ಜರುಗಿಸಿದ್ದಷ್ಟರಿಂದ ಸಮಯ ಮೂರು ಪಟ್ಟಿಗೂ ಮಿಕ್ಕಿತು.

ಆದ್ದರಿಂದ ಟ್ರೇಲರಿನಲ್ಲಿ ನಾಯಕ ಬಲಕ್ಕೆ ಓಡುವಾಗ ಪರದೆಯ ಎಡಭಾಗದಲ್ಲಿದ್ದು, ಹಿಂದಿರುಗಿದಾಗ ಕ್ಯಾಮೆರಾ ನಿಧಾನವಾಗಿ ಇನ್ನೊಂದು ಬದಿಗೆ ಸರಿಯುತ್ತದೆಯೇ ನೋಡಿ. ಸರಿಯುತ್ತಿದ್ದರೆ ತಯಾರಕರು ಸಣ್ಣ ಪರದೆಯ ಲೆಕ್ಕ ಬಲ್ಲವರು. ನಾಯಕ ಸದಾ ನಡುವೆಯೇ ಇದ್ದು, ದೊಡ್ಡ ಚಂದದ ಚಿತ್ರವಾಗಿದ್ದು, ವೇಗವೂ ಹೆಚ್ಚಾಗಿದ್ದರೆ ಲೆವೆಲ್ ಬಾಯಿಪಾಠವಾಗುವವರೆಗೆ ಸಾಯುತ್ತಲೇ ಇರಬೇಕಾಗುತ್ತದೆ.

ಎರಡನೆಯದು ಜಿಗಿತ. ನೆಲ ಬಿಟ್ಟ ಫ್ರೇಮಿನಿಂದ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸಿ. 35ರಿಂದ 45ರ ನಡುವೆ ಇದ್ದರೆ ಹಿತವಾದ ಜಿಗಿತ. 60 ದಾಟಿದರೆ ನಾಯಕ ತೇಲಿದಂತೆ ಅನಿಸುತ್ತದೆ. ಅದು ಬೇಕೆಂದೇ ಮಾಡಿದ್ದೂ ಆಗಿರಬಹುದು. ಎರಡು ಬೇರೆ ಬೇರೆ ಎತ್ತರದ ಜಿಗಿತಗಳು ಕಂಡರೆ ಬಟನ್ ಹಿಡಿದಷ್ಟು ಹೊತ್ತು ಎತ್ತರ ಹೆಚ್ಚುವ ವ್ಯವಸ್ಥೆ ಇದೆ ಎಂದರ್ಥ, ಒಳ್ಳೆಯ ಸೂಚನೆ. ಮೂರನೆಯದು, ತುಂಡು ತುಂಡಾಗಿ ಕತ್ತರಿಸದ ಹತ್ತು ಸೆಕೆಂಡಿನ ಆಟ ಎಲ್ಲಾದರೂ ಇದೆಯೇ? ಎಲ್ಲ ದೃಶ್ಯವೂ ಎರಡೆರಡು ಸೆಕೆಂಡಿನದಾದರೆ ಲೆವೆಲ್‌ಗಳು ಇನ್ನೂ ಪೂರ್ತಿ ಕಟ್ಟಿಲ್ಲ ಎಂಬ ಅನುಮಾನ ನ್ಯಾಯವೇ.

ಪ್ರಶ್ನೆ: ನಿಜವಾದ ಗೇಮ್ ಬಾಯ್ ಯಂತ್ರದಲ್ಲೇ ಓಡುವ ಆಟ ಯಾವುದು, ಬರೀ ಆ ವೇಷ ಹಾಕಿದ್ದು ಯಾವುದು? ನೋಡಿದರೆ ಗೊತ್ತಾಗುತ್ತದೆಯೇ?

1989ರ ಯಂತ್ರದ ಮಿತಿಗಳು ಖಚಿತವಾಗಿರುವುದರಿಂದ ಗೊತ್ತಾಗುತ್ತದೆ. ಹಿನ್ನೆಲೆಗೆ ನಾಲ್ಕು ಛಾಯೆ. ಹಿನ್ನೆಲೆಯ ಮೇಲೆ ಚಲಿಸುವ ಪುಟ್ಟ ಚಿತ್ರಕ್ಕೆ, ಅಂದರೆ ಸ್ಪ್ರೈಟಿಗೆ, ಮೂರೇ, ನಾಲ್ಕನೆಯದು ಪಾರದರ್ಶಕ. ಸ್ಪ್ರೈಟ್‌ಗಳ ಅಳತೆ 8×8 ಅಥವಾ 8×16, ಪರದೆಯ ಮೇಲೆ ಒಟ್ಟು 40, ಒಂದೇ ಅಡ್ಡಸಾಲಿನಲ್ಲಿ 10. ಹಿನ್ನೆಲೆ 8×8 ಪಿಕ್ಸೆಲ್ ಚೌಕದ ಟೈಲ್‌ಗಳಿಂದ ಜೋಡಿಸಿದ ಒಂದೇ ಪದರ, ಅದರ ಮೇಲೆ ಅಂಕ ತೋರಿಸಲು ವಿಂಡೋ ಎಂಬ ಇನ್ನೊಂದು. ಚಿತ್ರವನ್ನು ತಿರುಗಿಸುವ, ಹಿಗ್ಗಿಸುವ ಶಕ್ತಿ ಯಂತ್ರಕ್ಕಿಲ್ಲ.

ಟ್ರೇಲರಿನಲ್ಲಿ ಹತ್ತಿರದ ಮರದ ಸಂದಿಯಲ್ಲೇ ಹಿಂದಿನ ಬೆಟ್ಟ ಬೇರೆ ವೇಗದಲ್ಲಿ ಸರಿದರೆ ಅದು ಹೆಚ್ಚುಕಡಿಮೆ ಆಟ ಕಟ್ಟುವ ಆಧುನಿಕ ತಂತ್ರಾಂಶದ, ಅಂದರೆ ಎಂಜಿನ್ನಿನ, ಕೆಲಸ. ಮೇಲಿನ ಪಟ್ಟಿಯಲ್ಲಿ ಮೋಡ, ಕೆಳಗಿನ ಪಟ್ಟಿಯಲ್ಲಿ ನೆಲ ಬೇರೆ ಬೇರೆ ವೇಗದಲ್ಲಿ ಸರಿಯುವುದು ಮಾತ್ರ ಹಳೆಯ ಯಂತ್ರಕ್ಕೂ ಸಾಧ್ಯ. ಸಾಲುಗಳ ನಡುವೆ ಸ್ಕ್ರೋಲ್ ಮೌಲ್ಯ ಬದಲಿಸಿ ಅದನ್ನು ಮಾಡುತ್ತಾರೆ. ಬಾಂಬ್ ಸಿಡಿದಾಗ ನೂರಾರು ಕಿಡಿ, ಓರೆಯಾಗಿ ತಿರುಗುವ ಕತ್ತಿ, ಅರೆಪಾರದರ್ಶಕ ನೀರು, ಇವು ವೇಷದ ಗುರುತುಗಳು. ಹಳೆಯ ಆಟಗಳಲ್ಲಿ ಅರೆಪಾರದರ್ಶಕ ಕಂಡಿದ್ದರೆ ಅದು ಒಂದು ಫ್ರೇಮ್ ತೋರಿಸಿ ಒಂದು ಫ್ರೇಮ್ ಮರೆಸಿದ್ದು. ಆ ಪರದೆ ನಿಧಾನವಾಗಿ ಬದಲಾಗುತ್ತಿದ್ದರಿಂದ ಎರಡೂ ಬೆರೆತು ಕಾಣುತ್ತಿದ್ದವು. ಇಂದಿನ ಚುರುಕು ಪರದೆಯಲ್ಲಿ ಅದೇ ದೃಶ್ಯ ಮಿಣುಕುತ್ತದೆ. ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳಾದ ಎಮ್ಯುಲೇಟರುಗಳಲ್ಲಿ ಫ್ರೇಮ್ ಬೆರೆಸುವ ಆಯ್ಕೆ ಇರುವುದು ಇದಕ್ಕೇ.

ವೇಷದ ಆಟ ಕೀಳು ಎಂದು ಯಾರೂ ತಿಳಿಯಬೇಕಿಲ್ಲ. 2014ರ ಶೊವೆಲ್ ನೈಟ್ ತನ್ನ ಮಾದರಿಯಾದ ಹಳೆಯ ಯಂತ್ರದ ಬಣ್ಣ, ಸ್ಪ್ರೈಟ್ ಮಿತಿಗಳನ್ನು ಬೇಕಾದಲ್ಲಿ ಮೀರಿ, ಆಡುವ ಹದ ಮಾತ್ರ ಉಳಿಸಿಕೊಂಡ ಆಟ. ಆದರೆ ಗೇಮ್ ಬಾಯ್ ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿ, ಅಂದರೆ ಕಾರ್ಟ್ರಿಡ್ಜ್, ಕೊಳ್ಳುವ ಆಸೆ ನಿಮಗಿದ್ದರೆ ಈ ವ್ಯತ್ಯಾಸ ಮುಖ್ಯ. ವೇಷದ ಆಟ ಇದ್ದ ಹಾಗೆಯೇ ಆ ಕಾರ್ಟ್ರಿಡ್ಜಿಗೆ ಇಳಿಯಲಾರದು.

ಪ್ರಶ್ನೆ: ಡೆಮೊ ಆಡಿದೆ. ಅಂಚಿನಲ್ಲಿ ಬಟನ್ ಒತ್ತಿದರೂ ನಾಯಕ ಜಿಗಿಯದೆ ಹೊಂಡಕ್ಕೆ ಬೀಳುತ್ತಾನೆ. ತಪ್ಪು ನನ್ನದೋ ಆಟದ್ದೋ?

ನೀವು ಒತ್ತಿದ್ದು ಅಂಚು ದಾಟಿದ ಎರಡು ಮೂರು ಫ್ರೇಮ್ ಆದಮೇಲೆ ಇರಬೇಕು. ಕಣ್ಣಿಗೆ ಅದು ಅಂಚಿನಲ್ಲೇ ಒತ್ತಿದಂತೆ ಕಾಣುತ್ತದೆ. ಇದನ್ನು ಮನ್ನಿಸಲು ಇಂದಿನ ಆಟಗಳಲ್ಲಿ ಒಂದು ಸಣ್ಣ ಅವಧಿ ಇಡುತ್ತಾರೆ, ತಯಾರಕರು ಅದನ್ನು ಕಯೋಟಿ ಟೈಮ್ ಎನ್ನುತ್ತಾರೆ. ನೆಲ ತಪ್ಪಿದ ಮೇಲೂ ಕೆಲವು ಫ್ರೇಮ್ ಕಾಲ ಜಿಗಿಯಲು ಬಿಡುವ ವ್ಯವಸ್ಥೆ. 2018ರ ಸೆಲೆಸ್ಟ್ ಆಟದಲ್ಲಿ ಇದು 0.1 ಸೆಕೆಂಡು, ಅಂದರೆ 6 ಫ್ರೇಮ್. ಇದರ ಜೋಡಿ ಇನ್ನೊಂದಿದೆ: ನೆಲ ಮುಟ್ಟುವ ಮೊದಲೇ ಬಟನ್ ಒತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು ಮುಟ್ಟಿದ ಕೂಡಲೇ ಜಿಗಿಸುವುದು, ಜಂಪ್ ಬಫರ್.

ಪರೀಕ್ಷೆ ಸುಲಭ. ಬೀಳುತ್ತಿರುವಾಗ, ನೆಲಕ್ಕೆ ಕೂದಲೆಳೆ ಇರುವಂತೆ ಜಂಪ್ ಒತ್ತಿ ಹಿಡಿದುಕೊಳ್ಳಿ. ಹತ್ತು ಸಲದಲ್ಲಿ ಹೆಚ್ಚು ಸಲ ನಾಯಕ ನೆಲದಲ್ಲೇ ನಿಂತರೆ ಬಫರ್ ಇಲ್ಲ. ಇಂಥದ್ದನ್ನು ಡೆಮೊ ಹಂತದಲ್ಲೇ ತಯಾರಕರಿಗೆ ಬರೆಯಿರಿ. ಸೇರಿಸಲು ಎರಡು ಎಣಿಕೆಯ ವೇರಿಯಬಲ್ ಸಾಕು, ದೊಡ್ಡ ಕೆಲಸವಲ್ಲ. “ಕಂಟ್ರೋಲ್ ಸರಿಯಿಲ್ಲ” ಎಂದಷ್ಟೇ ಬರೆದರೆ ಅವರಿಗೆ ಪ್ರಯೋಜನವಿಲ್ಲ. ಯಾವ ಲೆವೆಲ್, ಯಾವ ಅಂಚು, ಯಾವ ಸಾಧನ, ತಂತಿಯ ಕಂಟ್ರೋಲರೋ ಬ್ಲೂಟೂತೋ ಎಂದು ಬರೆಯಿರಿ. ಕೊನೆಯದು ಮುಖ್ಯ, ಏಕೆಂದರೆ ತಡ ಕೆಲವೊಮ್ಮೆ ಕಂಟ್ರೋಲರಿನಲ್ಲಿ ಅಥವಾ ಟೀವಿಯಲ್ಲಿ ಇರುತ್ತದೆ. ಟೀವಿಯಲ್ಲಿ ಗೇಮ್ ಮೋಡ್ ಹಾಕಿ ಒಮ್ಮೆ ನೋಡಿ, ಆಮೇಲೆ ಆಟವನ್ನು ದೂರಿ.

ಪ್ರಶ್ನೆ: ನಾನೇ ಒಂದು ಗೇಮ್ ಬಾಯ್ ಪ್ಲಾಟ್‌ಫಾರ್ಮರ್ ಮಾಡುತ್ತಿದ್ದೇನೆ. ಗುರುತ್ವ, ಜಿಗಿತದ ವೇಗ ಎಷ್ಟಿಡಬೇಕು? ಅಂದಾಜಿಗೆ ಹಾಕಿದ ಸಂಖ್ಯೆ ಯಾವುದೂ ಸರಿಬರುತ್ತಿಲ್ಲ.

ಸಂಖ್ಯೆಯನ್ನು ಅಂದಾಜಿಗೆ ಹಾಕಬೇಡಿ. ಎಷ್ಟು ಎತ್ತರ ಬೇಕು, ತುದಿಗೇರಲು ಎಷ್ಟು ಫ್ರೇಮ್ ಬೇಕು, ಈ ಎರಡನ್ನು ಮೊದಲು ತೀರ್ಮಾನಿಸಿ. ಮಿಕ್ಕಿದ್ದನ್ನು ಲೆಕ್ಕವೇ ಕೊಡುತ್ತದೆ. ಗುರುತ್ವ = 2 × ಎತ್ತರ ÷ ಫ್ರೇಮಿನ ವರ್ಗ. ಆರಂಭದ ವೇಗ = 2 × ಎತ್ತರ ÷ ಫ್ರೇಮ್.

ನಾಲ್ಕೂವರೆ ಟೈಲ್, ಅಂದರೆ 36 ಪಿಕ್ಸೆಲ್ ಎತ್ತರ, 20 ಫ್ರೇಮ್ ಎಂದುಕೊಳ್ಳಿ. ಗುರುತ್ವ 72 ÷ 400 = 0.18. ವೇಗ 72 ÷ 20 = 3.6. ಗೇಮ್ ಬಾಯ್ ಪ್ರೊಸೆಸರಿಗೆ ದಶಮಾಂಶ ಬಾರದು, ಆದ್ದರಿಂದ ಸ್ಥಾನ, ವೇಗ ಎರಡನ್ನೂ 16 ಬಿಟ್ಟಿನಲ್ಲಿಟ್ಟು, ಮೇಲಿನ 8 ಬಿಟ್ ಪಿಕ್ಸೆಲ್, ಕೆಳಗಿನ 8 ಬಿಟ್ ಪಿಕ್ಸೆಲ್‌ನ 256ನೇ ಭಾಗ ಎಂದು ಲೆಕ್ಕ ಹಾಕಿ. ಆಗ ಗುರುತ್ವ 46, ಜಿಗಿತದ ವೇಗ 922. ಲೆವೆಲ್ 256 ಪಿಕ್ಸೆಲ್‌ಗಿಂತ ಉದ್ದವಾದರೆ ಸ್ಥಾನಕ್ಕೆ ಇನ್ನೊಂದು ಬೈಟ್ ಬೇಕು. ಇದನ್ನು ಮರೆತರೆ ನಾಯಕ 256ನೇ ಪಿಕ್ಸೆಲ್ ದಾಟಿದ ಕೂಡಲೇ ಲೆವೆಲ್ಲಿನ ಆರಂಭಕ್ಕೆ ಹಾರುತ್ತಾನೆ.

ಹೋಗಿ ಬರುವ ಹೊತ್ತು 40 ಫ್ರೇಮ್, ಓಟ ಫ್ರೇಮಿಗೆ 2 ಪಿಕ್ಸೆಲ್ ಆದರೆ ಜಿಗಿತದ ಉದ್ದ 80 ಪಿಕ್ಸೆಲ್, ಅಂದರೆ 10 ಟೈಲ್. ಪರದೆಯ ಸರಿ ಅರ್ಧ! ಹಾಗೆಂದು 10 ಟೈಲಿನ ಹೊಂಡ ಇಡಬೇಡಿ. ಸಾಮಾನ್ಯ ಹೊಂಡ 5ರಿಂದ 6, ಸವಾಲಿನದು 8 ಟೈಲ್ ಸಾಕು. ಆಚೆ ದಡ ಜಿಗಿಯುವ ಮೊದಲೇ ಪರದೆಯಲ್ಲಿ ಕಾಣುವಂತಿರಲಿ. ಕಾಣದ ದಡಕ್ಕೆ ಜಿಗಿಸುವುದು ಈ ಬಗೆಯ ಆಟದಲ್ಲಿ ಆಟಗಾರನಿಗೆ ಮಾಡುವ ಅನ್ಯಾಯ.

ಬೀಳುವ ವೇಗಕ್ಕೆ ಮಿತಿ ಹಾಕಿ, ಫ್ರೇಮಿಗೆ 4 ಪಿಕ್ಸೆಲ್ ಒಳ್ಳೆಯ ಮಿತಿ. ಮಿತಿಯಿಲ್ಲದಿದ್ದರೆ ಈ ಗುರುತ್ವದಲ್ಲಿ 45ನೇ ಫ್ರೇಮಿಗೆ ವೇಗ 8 ಪಿಕ್ಸೆಲ್ ದಾಟುತ್ತದೆ. ಆಮೇಲೆ ಒಂದೇ ಟೈಲ್ ದಪ್ಪದ ನೆಲವನ್ನು ನಾಯಕ ತೂರಿ ಹೋಗಬಹುದು, ಏಕೆಂದರೆ ಒಂದು ಫ್ರೇಮಿನಲ್ಲಿ ನೆಲದ ಮೇಲಿದ್ದವನು ಮುಂದಿನ ಫ್ರೇಮಿನಲ್ಲಿ ಅದರ ಕೆಳಗಿರುತ್ತಾನೆ. ಬಟನ್ ಬಿಟ್ಟಾಗ ಮೇಲ್ಮುಖ ವೇಗ 1 ಪಿಕ್ಸೆಲ್‌ಗಿಂತ ಹೆಚ್ಚಿದ್ದರೆ 1ಕ್ಕೆ ಇಳಿಸಿ, ಗಿಡ್ಡ ಜಿಗಿತ ಸಿದ್ಧ.

ನಾಯಕ ಗೋಡೆಗೆ ಅಂಟುತ್ತಾನೆ, ಸಮತಟ್ಟಾದ ನೆಲದಲ್ಲೂ ಎಡವುತ್ತಾನೆ ಎಂದಾದರೆ ನೀವು ಅಡ್ಡ, ಉದ್ದ ಎರಡೂ ಚಲನೆಯನ್ನು ಒಟ್ಟಿಗೆ ಮಾಡಿ ಆಮೇಲೆ ತಾಕಿತೇ ಎಂದು ನೋಡುತ್ತಿದ್ದೀರಿ. ಕ್ರಮ ಹೀಗಿರಲಿ: ಬಟನ್ ಓದು, ಅಡ್ಡಕ್ಕೆ ಸರಿಸು, ಗೋಡೆ ನೋಡು, ಮೇಲೆ ಕೆಳಗೆ ಸರಿಸು, ನೆಲ ನೋಡು. ಶತ್ರು ತಾಗುವ ಚೌಕ ಚಿತ್ರಕ್ಕಿಂತ ಚಿಕ್ಕದಿರಲಿ. 16×16ರ ನಾಯಕನಿಗೆ 10×12 ಹಿಡಿದರೆ ಯಾರೂ ದೂರುವುದಿಲ್ಲ. ಬಹುಮಾನ ಹೆಕ್ಕುವ ಚೌಕ ಮಾತ್ರ ಪೂರ್ತಿ 16×16 ಇರಲಿ.

ಕೋಡ್ ಬರೆಯದೆ ಮಾಡುವವರಿಗೆ ಜಿಬಿ ಸ್ಟುಡಿಯೊದಲ್ಲಿ ಪ್ಲಾಟ್‌ಫಾರ್ಮರ್ ಬಗೆಯ ದೃಶ್ಯ ಸಿದ್ಧವಿದೆ, ಗುರುತ್ವ ಮತ್ತು ವೇಗಗಳನ್ನು ಅಲ್ಲೇ ಬದಲಿಸಬಹುದು. ಸಿ ಭಾಷೆ ಬಲ್ಲವರು ಜಿಬಿಡಿಕೆ 2020, ಅಸೆಂಬ್ಲಿಗೆ ಇಳಿಯುವವರು ಆರ್‌ಜಿಬಿಡಿಎಸ್ ಹಿಡಿಯುತ್ತಾರೆ.

ಪ್ರಶ್ನೆ: ಎಮ್ಯುಲೇಟರಿನಲ್ಲಿ ನನ್ನ ಆಟ ಸೊಗಸಾಗಿ ಓಡುತ್ತದೆ. ನಿಜ ಯಂತ್ರದಲ್ಲಿ ಶತ್ರುಗಳು ಅರ್ಧಂಬರ್ಧ ಮಾಯವಾಗುತ್ತಾರೆ, ಒಮ್ಮೊಮ್ಮೆ ಟೈಲ್‌ಗಳು ಕಲಸಿಹೋಗುತ್ತವೆ. ಯಾಕೆ?

ಇವು ಎರಡು ಬೇರೆ ರೋಗ.

ಮಾಯವಾಗುವುದು ಸಾಲಿಗೆ ಹತ್ತು ಸ್ಪ್ರೈಟಿನ ಮಿತಿಯಿಂದ. 16 ಪಿಕ್ಸೆಲ್ ಅಗಲದ ಪ್ರತಿ ಪಾತ್ರವೂ ಒಂದು ಸಾಲಿನಲ್ಲಿ ಎರಡು ಸ್ಪ್ರೈಟ್ ತಿನ್ನುತ್ತದೆ. ನಾಯಕ ಮತ್ತು ನಾಲ್ವರು ಶತ್ರುಗಳು ಒಂದೇ ಎತ್ತರದಲ್ಲಿ ನಿಂತರೆ ಹತ್ತು ಮುಗಿಯಿತು. ಆಮೇಲೆ ಬಂದ ಗುಂಡು ಆ ಸಾಲುಗಳಲ್ಲಿ ಕಾಣುವುದೇ ಇಲ್ಲ, ಆದರೆ ತಾಗಿದರೆ ಕೊಲ್ಲುತ್ತದೆ. ಯಾವ ಹತ್ತು ಎಂಬುದನ್ನು ಯಂತ್ರ ಸ್ಪ್ರೈಟ್ ಪಟ್ಟಿಯ ಕ್ರಮದಲ್ಲೇ ಆರಿಸಿಕೊಳ್ಳುತ್ತದೆ. ಹಾಗಾಗಿ ನಾಯಕನೂ ಗುಂಡುಗಳೂ ಪಟ್ಟಿಯ ಮೇಲಿರಲಿ, ಶತ್ರುಗಳ ಕ್ರಮವನ್ನು ಪ್ರತಿ ಫ್ರೇಮಿಗೂ ಸುತ್ತಿಸಿ. ಪೂರ್ತಿ ಮಾಯವಾಗುವ ಬದಲು ಎಲ್ಲರೂ ಸ್ವಲ್ಪ ಸ್ವಲ್ಪ ಮಿಣುಕುತ್ತಾರೆ. ಇನ್ನೂ ಒಳ್ಳೆಯದು, ಲೆವೆಲ್ ಕಟ್ಟುವಾಗಲೇ ಶತ್ರುಗಳನ್ನು ಬೇರೆ ಬೇರೆ ಎತ್ತರದಲ್ಲಿಡುವುದು. ನಿಮ್ಮ ಎಮ್ಯುಲೇಟರಿನಲ್ಲಿ ಸ್ಪ್ರೈಟ್ ಮಿತಿ ತೆಗೆಯುವ ಆಯ್ಕೆ ಹಾಕಿದ್ದರೆ ಮೊದಲು ಅದನ್ನು ಆಫ್ ಮಾಡಿ.

ಟೈಲ್ ಕಲಸುವುದಕ್ಕೆ ಕಾರಣ, ಯಂತ್ರ ಚಿತ್ರ ಬಿಡಿಸುತ್ತಿರುವಾಗ ನೀವು ವಿಡಿಯೊ ಮೆಮೊರಿಗೆ ಬರೆಯುತ್ತಿರುವುದು. ಒಂದು ಫ್ರೇಮಿನಲ್ಲಿ 154 ಸಾಲಿನ ಹೊತ್ತು ಇರುತ್ತದೆ. 144 ಸಾಲು ಬಿಡಿಸಲು, ಉಳಿದ 10 ಸಾಲಿನ ಹೊತ್ತು ಖಾಲಿ. ಆ ಖಾಲಿ ಹೊತ್ತು ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ದೊಡ್ಡ ಬರವಣಿಗೆಯೆಲ್ಲ ಅಷ್ಟರಲ್ಲಿ ಮುಗಿಯಬೇಕು. ಸಾಲು ಬಿಡಿಸುವ ಗಳಿಗೆಯಲ್ಲಿ ಬರೆದದ್ದನ್ನು ನಿಜ ಯಂತ್ರ ತೆಗೆದುಕೊಳ್ಳುವುದೇ ಇಲ್ಲ, ಸಡಿಲ ಎಮ್ಯುಲೇಟರ್ ತೆಗೆದುಕೊಳ್ಳುತ್ತದೆ. ಆದ್ದರಿಂದ ಸೇಮ್‌ಬಾಯ್ ಅಥವಾ ಬಿಜಿಬಿಯಂಥ ಕಟ್ಟುನಿಟ್ಟಿನ ಎಮ್ಯುಲೇಟರಿನಲ್ಲಿ ಪರೀಕ್ಷಿಸಿ. ಹೊಸ ಟೈಲ್‌ಗಳನ್ನು ಇಡೀ ಪರದೆಗೆ ಒಟ್ಟಿಗೆ ಬರೆಯದೆ, ಕ್ಯಾಮೆರಾ 8 ಪಿಕ್ಸೆಲ್ ಸರಿದಾಗಲೊಮ್ಮೆ ಒಂದೇ ಕಾಲಮ್ ಬರೆಯಿರಿ.

ಮೂರನೆಯದೊಂದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಸ್ವಿಚ್ ಹಾಕಿದಾಗ ನಿಜ ಯಂತ್ರದ ರ‍್ಯಾಮ್‌ನಲ್ಲಿ ಏನೇನೋ ತುಂಬಿರುತ್ತದೆ. ಕೆಲವು ಎಮ್ಯುಲೇಟರುಗಳು ಸೊನ್ನೆ ತುಂಬಿ ಕೊಡುತ್ತವೆ. ಪ್ರತಿ ವೇರಿಯಬಲ್ಲಿಗೂ ಆರಂಭದ ಬೆಲೆ ಕೊಡದಿದ್ದರೆ “ಹತ್ತರಲ್ಲಿ ಒಂದು ಸಲ ಮಾತ್ರ ಬರುವ ದೋಷ” ಹುಟ್ಟುವುದು ಇಲ್ಲಿಂದ.

ಪ್ರಶ್ನೆ: ಆಟ ಬರುವಷ್ಟರಲ್ಲಿ ಒಂದು ಹ್ಯಾಂಡ್‌ಹೆಲ್ಡ್ ಆರಿಸಿಕೊಳ್ಳಬೇಕು. ಪರದೆ ದೊಡ್ಡದಿದ್ದಷ್ಟೂ ಒಳ್ಳೆಯದೇ?

ಇಂಚಿಗಿಂತ ಮೊದಲು ಪಿಕ್ಸೆಲ್ ನೋಡಿ. ಆಟದ ಒಂದು ಪಿಕ್ಸೆಲ್ ಪರದೆಯ ಪೂರ್ಣ ಸಂಖ್ಯೆಯ ಪಿಕ್ಸೆಲ್‌ಗೆ ಹಿಗ್ಗಬೇಕು: ಎರಡು, ಮೂರು, ನಾಲ್ಕು. ಎರಡೂವರೆಗೆ ಹಿಗ್ಗಿಸಿದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ತೆಳು ಆಗಿ, ದೃಶ್ಯ ಸರಿಯುವಾಗ ಅಂಚುಗಳು ನಡುಗುತ್ತವೆ. ನಿಂತ ಚಿತ್ರದಲ್ಲಿ ಇದು ಕಾಣುವುದಿಲ್ಲ, ಓಡುವ ಆಟದಲ್ಲಿ ಕಣ್ಣಿಗೆ ಚುಚ್ಚುತ್ತದೆ.

160×144ರ ಆಟ 640×480 ಪರದೆಯಲ್ಲಿ ಮೂರು ಪಟ್ಟು ಹಿಗ್ಗಿ 480×432 ಆಗುತ್ತದೆ, ಸುತ್ತ ಕಪ್ಪು ಅಂಚು ಉಳಿಯುತ್ತದೆ. 1280×720ರಲ್ಲಿ ಐದು ಪಟ್ಟು, 800×720, ಎತ್ತರ ಪೂರ್ತಿ ತುಂಬುತ್ತದೆ. ಸ್ಟೀಮ್ ಡೆಕ್‌ನ 1280×800ರಲ್ಲೂ ಐದೇ ಪಟ್ಟು, ಮೇಲೂ ಕೆಳಗೂ 40 ಪಿಕ್ಸೆಲ್ ಕಪ್ಪು. 2021ರಲ್ಲಿ ಬಂದ ಅನಲಾಗ್ ಪಾಕೆಟ್‌ನ ಪರದೆ 1600×1440, ಸರಿಯಾಗಿ ಹತ್ತು ಪಟ್ಟು. ನೀವು ಕಾಯುತ್ತಿರುವುದು ಗೇಮ್ ಬಾಯ್ ಅಡ್ವಾನ್ಸ್ ಅಳತೆಯ, 240×160ರ ಆಟವಾದರೆ 720×480 ಪರದೆ ಮೂರು ಪಟ್ಟಿಗೆ ಚೊಕ್ಕವಾಗಿ ತುಂಬುತ್ತದೆ. 640×480ರಲ್ಲಿ ಅದು ಎರಡೇ ಪಟ್ಟಿಗೆ ನಿಂತು ಪುಟ್ಟದಾಗಿ ಕಾಣುತ್ತದೆ. ಹಳೆಯ ಶೈಲಿಯ ಎಷ್ಟೋ ಹೊಸ ಆಟಗಳು 320×180ರಲ್ಲಿ ಬಿಡಿಸಿದವು. ಅವು 1280×720ಕ್ಕೆ ನಾಲ್ಕು, 1920×1080ಕ್ಕೆ ಆರು ಪಟ್ಟು, ಎರಡೂ ಚೊಕ್ಕ.

ಎಮ್ಯುಲೇಟರುಗಳ ತಂತ್ರಾಂಶ ರೆಟ್ರೋಆರ್ಕ್‌ನಲ್ಲಾದರೆ ವಿಡಿಯೊ ಸೆಟ್ಟಿಂಗಿನ ಸ್ಕೇಲಿಂಗ್ ಭಾಗದಲ್ಲಿ ಇಂಟಿಜರ್ ಸ್ಕೇಲ್ ಆನ್ ಮಾಡಿ. ಪರದೆಯ ಮೇಲೆ ಕಪ್ಪು ಅಂಚು ಬಂತೆಂದು ಬೇಸರ ಬೇಡ. ಅದು ಚಿತ್ರದ ಚೊಕ್ಕತನಕ್ಕೆ ಕೊಟ್ಟ ಜಾಗ. ಪಿಕ್ಸೆಲ್ ಆದಮೇಲೆ ದಿಕ್ಕಿನ ಬಟನ್ನು, ಅಂದರೆ ಡಿ-ಪ್ಯಾಡ್, ನೋಡಿ. ಬಲಕ್ಕೆ ಒತ್ತಿ ಹಿಡಿದು ಹೆಬ್ಬೆರಳನ್ನು ತುಸು ಉರುಳಿಸಿದಾಗ ಮೇಲೆ ಅಥವಾ ಕೆಳಗೆ ಎಂದು ಓದಿಕೊಳ್ಳುವ ಡಿ-ಪ್ಯಾಡ್ ಪ್ಲಾಟ್‌ಫಾರ್ಮರಿಗೆ ಬೇಡವೇ ಬೇಡ. ಓಡುತ್ತಿರುವವನು ಏಣಿ ಹತ್ತಿಬಿಡುತ್ತಾನೆ.

ಪ್ರಶ್ನೆ: ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಜಿಗಿತದ ಸದ್ದು ತಡವಾಗಿ ಬರುತ್ತದೆ. ಆಟದ ದೋಷವೇ?

ಅಲ್ಲ. ಬ್ಲೂಟೂತ್ ಸದ್ದನ್ನು ಅಡಕಗೊಳಿಸಿ, ಕಳಿಸಿ, ಬಿಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಹೆಚ್ಚು ತಡವಾಗುವುದು ಸಾಮಾನ್ಯ. ತಂತಿಯ ಇಯರ್‌ಫೋನ್ ಹಾಕಿ.

ಪ್ರಶ್ನೆ: ಹೊಸ ಕಾರ್ಟ್ರಿಡ್ಜನ್ನು ಹಳೆಯ ಗೇಮ್ ಬಾಯ್‌ನಲ್ಲೇ ಆಡುವ ಆಸೆ. ವರ್ಷಗಳಿಂದ ಮುಚ್ಚಿಟ್ಟ ಯಂತ್ರ. ಆನ್ ಮಾಡಿದರೆ ಪರದೆ ಮೇಲೆ ಕಪ್ಪು ಪಟ್ಟಿ ಇಳಿದು ಅಲ್ಲೇ ನಿಲ್ಲುತ್ತದೆ, ಎರಡು ಮೂರು ನಿಲುವುಗೆರೆಗಳೂ ಕಾಣೆಯಾಗಿವೆ.

ಯಂತ್ರಕ್ಕೆ ಜೀವ ಇದೆ, ಗಾಬರಿ ಬೇಡ. ಆನ್ ಆದ ಕೂಡಲೇ ಗೇಮ್ ಬಾಯ್ ಕಾರ್ಟ್ರಿಡ್ಜಿನಿಂದ ಲೋಗೋದ 48 ಬೈಟ್ ಓದಿ ತೋರಿಸುತ್ತದೆ. ಏನೂ ಓದಲಾಗದಿದ್ದರೆ ಕಪ್ಪು ಪಟ್ಟಿ, ಅರ್ಧ ಓದಿದರೆ ಚೂರುಚೂರಾದ ಲೋಗೋ. ಎರಡಕ್ಕೂ ಸಾಮಾನ್ಯ ಕಾರಣ ಕೊಳೆ ಹಿಡಿದ ಸಂಪರ್ಕ. ಶೇಕಡ 90ಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ ಕಾರ್ಟ್ರಿಡ್ಜಿನ ಹಲ್ಲುಗಳನ್ನು ಒರೆಸಿ, ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಬದಲಿಸುತ್ತಿರಿ. ಪೂರ್ತಿ ಆರಲಿ. ಯಂತ್ರದೊಳಗಿನ ಪಿನ್ನುಗಳಿಗೆ, ಒರೆಸಿದ ಕಾರ್ಟ್ರಿಡ್ಜನ್ನೇ ನಾಲ್ಕಾರು ಸಲ ಹಾಕಿ ತೆಗೆದರೆ ಬಹಳ ಸಲ ಸಾಕು. ಬಾಯಿಂದ ಊದಬೇಡಿ, ಉಸಿರಿನ ತೇವ ಲೋಹವನ್ನು ಇನ್ನಷ್ಟು ಕೆಡಿಸುತ್ತದೆ. ಬ್ಯಾಟರಿ ತೆಗೆದು ಪವರ್ ಸ್ವಿಚ್ಚನ್ನು ಇಪ್ಪತ್ತು ಸಲ ಆಚೀಚೆ ಮಾಡಿ, ಅದರೊಳಗಿನ ಕಿಲುಬು ಉಜ್ಜಿ ಹೋಗುತ್ತದೆ.

ಬ್ಯಾಟರಿ ಮನೆಯಲ್ಲಿ ಬಿಳಿ ಅಥವಾ ಹಸಿರು ಹುಡಿ ಇದ್ದರೆ ಅದು ಆಲ್ಕಲೈನ್ ಸೆಲ್ ಸೋರಿದ್ದು. ವಿನೆಗರ್ ಹಚ್ಚಿದ ಹತ್ತಿಕಡ್ಡಿಯಿಂದ ಕರಗಿಸಿ, ಆಮೇಲೆ ಆಲ್ಕೊಹಾಲಿನಿಂದ ಒರೆಸಿ. ಸ್ಪ್ರಿಂಗ್ ತುಕ್ಕು ತಿಂದಿದ್ದರೆ ಬದಲಿಸುವುದೇ ದಾರಿ.

ನಿಲುವುಗೆರೆ ಕಾಣೆಯಾಗುವುದು ಪರದೆಯ ಕೆಳಗಿನ ರಿಬ್ಬನ್ ಕೇಬಲ್ಲಿನ ಅಂಟು ಸಡಿಲವಾದಾಗ. ಹಿಂಬದಿಯ, ತಲೆಯಲ್ಲಿ ಮೂರು ಸೀಳಿರುವ ಸ್ಕ್ರೂಗಳಿಗೆ ಟ್ರೈ-ವಿಂಗ್ ಸ್ಕ್ರೂಡ್ರೈವರ್ ಬೇಕು. ಬಿಚ್ಚಿ, ಪರದೆಯ ಕೆಳಗಂಚಿನ ರಿಬ್ಬನ್ ಮೇಲೆ ಕಡಿಮೆ ಕಾವಿನ ಸೋಲ್ಡರಿಂಗ್ ಐರನ್ನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಯವಾಗಿ ಸರಿಸಿ. ಒಂದೇ ಕಡೆ ನಿಲ್ಲಿಸಿದರೆ ರಿಬ್ಬನ್ ಸುಡುತ್ತದೆ, ಆಮೇಲೆ ಮಾಡುವುದೇನೂ ಇಲ್ಲ. ಯಂತ್ರ ಆನ್ ಇಟ್ಟುಕೊಂಡೇ ಮಾಡುವವರಿದ್ದಾರೆ, ಗೆರೆ ಮರಳಿದ್ದು ಕೂಡಲೇ ಕಾಣುತ್ತದೆಂದು. ಅಡ್ಡಗೆರೆ ಹೋಗಿದ್ದರೆ ದೋಷ ಪಕ್ಕದ ಸಂಪರ್ಕದಲ್ಲಿ. ಅದು ಕೈಗೆ ಸಿಗುವುದು ಕಷ್ಟ, ಪರದೆ ಬದಲಿಸುವುದೇ ವಾಸಿ.

ಕೊಳ್ಳುವ ಮುನ್ನ ಇನ್ನೊಂದು ವಿಚಾರಿಸಿ. ಹೊಸ ಆಟ ಗೇಮ್ ಬಾಯ್ ಕಲರ್‌ಗೆ ಮಾತ್ರ ಮೀಸಲಾಗಿದ್ದರೆ ನಿಮ್ಮ ಬೂದುಬಣ್ಣದ ಹಳೆಯ ಯಂತ್ರದಲ್ಲಿ ಆಡಲಾಗದು.

ಪ್ರಶ್ನೆ: ಪ್ರಿ-ಆರ್ಡರ್ ಮಾಡುವ ಮುನ್ನ ಏನು ಕೇಳಬೇಕು? ದಿನಾಂಕ ಮುಂದೆ ಹೋಗುತ್ತಲೇ ಇದ್ದರೆ ಆಟ ನಿಂತೇ ಹೋಯಿತು ಎಂದು ತಿಳಿಯಬೇಕೇ?

ದಿನಾಂಕ ಜಾರುವುದು ಈ ಲೋಕದಲ್ಲಿ ಮಾಮೂಲು. ಶಾಂಟೆ ಆಟ ಗೇಮ್ ಬಾಯ್ ಕಲರ್‌ಗೆ ಬಂದದ್ದು 2002ರಲ್ಲಿ, ಅಷ್ಟರಲ್ಲಿ ಅಡ್ವಾನ್ಸ್ ಯಂತ್ರ ಮಾರುಕಟ್ಟೆಗೆ ಬಂದಾಗಿತ್ತು. ಅದರ ಮುಂದಿನ ಭಾಗ ಅಡ್ವಾನ್ಸ್‌ಗೆಂದು ಶುರುವಾಗಿ ನಡುವೆಯೇ ನಿಂತಿತು. 2023ರಲ್ಲಿ ಮತ್ತೆ ಘೋಷಣೆಯಾಗಿ 2025ರಲ್ಲಿ ನಿಜವಾದ ಅಡ್ವಾನ್ಸ್ ಕಾರ್ಟ್ರಿಡ್ಜ್ ಆಗಿಯೇ ಹೊರಬಂತು. ಗೇಮ್ ಬಾಯ್ ಕಲರ್ ಶೈಲಿಯ ಮೀನಾ ದ ಹಾಲೋವರ್, 2022ರಲ್ಲಿ ಜನರಿಂದ ಹಣ ಕೂಡಿಸಿಕೊಂಡು ಶುರುವಾದದ್ದು, 2025ರ ಅಕ್ಟೋಬರ್ 31 ಎಂದು ದಿನ ಗೊತ್ತುಮಾಡಿದ ಮೇಲೂ ಮುಂದೆ ಹೋಯಿತು.

ಕಾರ್ಟ್ರಿಡ್ಜ್ ಆಟ ತಡವಾಗಲು ಒಂದು ನ್ಯಾಯವಾದ ಕಾರಣ ಇದೆ. ಒಮ್ಮೆ ಬರೆದ ಮೇಲೆ ಅದಕ್ಕೆ ಪ್ಯಾಚ್ ಕಳಿಸುವ ಮಾತಿಲ್ಲ. ದೋಷ ಉಳಿದರೆ ಪ್ರತಿಯೊಂದು ಪ್ರತಿಯಲ್ಲೂ ಉಳಿಯಿತು. ಆದ್ದರಿಂದ ದಿನಾಂಕಕ್ಕಿಂತ ಸುದ್ದಿಯ ಗುಣ ನೋಡಿ. “ಮೂರನೇ ಲೋಕದ ಲೆವೆಲ್‌ಗಳು ಮುಗಿದವು, ನಿಜ ಯಂತ್ರದಲ್ಲಿ ಪರೀಕ್ಷೆ ನಡೆದಿದೆ” ಎಂಬ ಸುದ್ದಿಗೆ ಕಾಯಬಹುದು. ಹೊಸ ಪಾತ್ರದ ಚಿತ್ರ, ಟೀ ಶರ್ಟು, ಸ್ಟಿಕ್ಕರುಗಳಷ್ಟೇ ಬರುತ್ತಿದ್ದರೆ ಹಣ ಕೊಡಲು ಅವಸರ ಬೇಡ.

ಕೇಳಬೇಕಾದ ಮೊದಲ ಪ್ರಶ್ನೆ, ಆಟ ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ, ಅಂದರೆ ಸೇವ್, ಯಾವುದರಲ್ಲಿ ಉಳಿಯುತ್ತದೆ? ಹಳೆಯ ರೀತಿಯಲ್ಲಿ ರ‍್ಯಾಮ್ ಚಿಪ್ಪಿಗೆ ಗುಂಡಿ ಸೆಲ್ ಜೋಡಿಸಿರುತ್ತಾರೆ. ಸೆಲ್ ಸತ್ತ ದಿನ ಸೇವ್ ಹೋಗುತ್ತದೆ, ಆಟ ಮಾತ್ರ ಆಡಬಹುದು. ಎಫ್-ರ‍್ಯಾಮ್ ಅಥವಾ ಫ್ಲ್ಯಾಶ್ ಇದ್ದರೆ ಸೆಲ್ಲಿನ ಹಂಗಿಲ್ಲ. ಸೆಲ್ ಇದ್ದರೂ ಅದು ಬದಲಿಸಬಹುದಾದದ್ದೇ. ಕಾರ್ಟ್ರಿಡ್ಜಿನ ಸ್ಕ್ರೂಗೆ 3.8 ಮಿಲಿಮೀಟರಿನ ಬಿಟ್ ಬೇಕು, ಬದಲಿ ಸೆಲ್ಲಿಗೆ ಬೆಸುಗೆ ಹಾಕುವ ಲೋಹದ ಪಟ್ಟಿ ಮೊದಲೇ ಇರಬೇಕು, ಸೆಲ್ ಬಿಚ್ಚುವ ಮೊದಲು ಜಿಬಿಎಕ್ಸ್‌ಕಾರ್ಟ್‌ನಂಥ ಸಾಧನದಿಂದ ಸೇವ್ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಬಿಚ್ಚಿದ ಕೂಡಲೇ ಸೇವ್ ಅಳಿಯುತ್ತದೆ.

ಕಾರ್ಟ್ರಿಡ್ಜಿನ ಜೊತೆ ಅದೇ ಆಟದ ಡಿಜಿಟಲ್ ಪ್ರತಿ, ಅಂದರೆ ರೋಮ್ ಫೈಲೂ ಸಿಗುತ್ತದೆಯೇ ಎಂಬುದು ಎರಡನೆಯದು. ಸಿಕ್ಕರೆ ಅಂಚೆ ತಡವಾದರೂ ಆಡಬಹುದು, ಮುಂದೆ ತಿದ್ದಿದ ಆವೃತ್ತಿಯೂ ನಿಮ್ಮ ಕೈಸೇರಬಹುದು. ಡೆಮೊದ ಸೇವ್ ಪೂರ್ಣ ಆಟಕ್ಕೆ ಬರುತ್ತದೆಯೇ ಎಂದೂ ಕೇಳಿ. ಇಲ್ಲವೆಂದರೆ ಡೆಮೊದಲ್ಲಿ ಎಲ್ಲ ನಾಣ್ಯ ಹೆಕ್ಕುತ್ತ ಕೂರಬೇಡಿ.

ಪ್ರಶ್ನೆ: ಕಾಯುವ ಹೊತ್ತಿನಲ್ಲಿ ಹಳೆಯ ಆಟಗಳಲ್ಲಿ ಯಾವುದನ್ನು ಆಡಲಿ?

ಸೂಪರ್ ಮಾರಿಯೊ ಲ್ಯಾಂಡ್, 1989. ಒಟ್ಟು 12 ಲೆವೆಲ್, ಸೇವ್ ಇಲ್ಲ, ಒಂದೇ ಕೂತಿಗೆ ಮುಗಿಯುತ್ತದೆ. ನಾಯಕ ಬಹಳ ಚಿಕ್ಕವನು, ಅದಕ್ಕೇ ಮುಂದಿನ ದಾರಿ ಚೆನ್ನಾಗಿ ಕಾಣುತ್ತದೆ. ಕೂಡಲೇ 1992ರ ಎರಡನೇ ಭಾಗ ಆಡಿ. ನಾಯಕ ದೊಡ್ಡವನಾಗಿ, ಚಂದವಾಗಿ, ಪರದೆಯನ್ನು ತಾನೇ ತುಂಬಿಕೊಂಡಿದ್ದಾನೆ. ಮೊದಲ ಉತ್ತರದಲ್ಲಿ ಹೇಳಿದ ಲೆಕ್ಕ ಈ ಎರಡು ಆಟಗಳ ನಡುವೆ ಬೆರಳಿಗೇ ತಿಳಿಯುತ್ತದೆ.

1991ರ ಮೆಟ್ರಾಯ್ಡ್ 2 ದೊಡ್ಡ ನಾಯಕಿಯನ್ನು ಇಟ್ಟುಕೊಂಡೂ ನಿಧಾನದ ಹುಡುಕಾಟವನ್ನೇ ಆಟವಾಗಿಸಿ ಆ ತೊಂದರೆಯಿಂದ ಪಾರಾಗುತ್ತದೆ. 1992ರ ಕರ್ಬೀಸ್ ಡ್ರೀಮ್ ಲ್ಯಾಂಡ್‌ನಲ್ಲಿ ನಾಯಕ ಹಾರಬಲ್ಲ, ಹೊಂಡದ ಭಯವೇ ಇಲ್ಲ. ಹೊಸಬರಿಗೆ ಇದರಿಂದ ಶುರು ಮಾಡಿಸಿ. ಒಂದೇ ಒಂದು ಆರಿಸಿ ಎಂದರೆ ನಮ್ಮ ಆಯ್ಕೆ 1994ರ ಡಾಂಕಿ ಕಾಂಗ್. ಆರ್ಕೇಡಿನ ನಾಲ್ಕು ಹಂತ ಮುಗಿದಾಗ ಆಟ ಮುಗಿಯಿತು ಎನಿಸುತ್ತದೆ, ಆಗ ನಿಜವಾದ ಆಟ ತೆರೆದುಕೊಂಡು 101 ಹಂತದವರೆಗೆ ಹೋಗುತ್ತದೆ. ಬಹುಪಾಲು ಹಂತಗಳು ಒಂದೆರಡು ಪರದೆಗಳ ಒಳಗೇ ಇವೆ. ಕಾಣದ ಕಡೆಗೆ ಜಿಗಿಯುವ ಪ್ರಸಂಗ ಅಪರೂಪ. 160×144ರಲ್ಲಿ ಏನು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಆ ಯಂತ್ರದಲ್ಲಿಲ್ಲ.

ಪ್ರಶ್ನೆ: ನಾನು ಕಟ್ಟಿದ ರೋಮ್ ಎಮ್ಯುಲೇಟರಿನಲ್ಲಿ ಓಡುತ್ತದೆ, ಯಂತ್ರದಲ್ಲಿ ಲೋಗೋ ಸರಿಯಾಗಿ ಇಳಿದು ಅಲ್ಲೇ ನಿಲ್ಲುತ್ತದೆ. ಸಂಪರ್ಕ ಒರೆಸಿದ್ದಾಯಿತು.

ಲೋಗೋ ಸರಿಯಾಗಿ ಕಂಡಿದ್ದರೆ ಸಂಪರ್ಕ ಸರಿಯಿದೆ. ರೋಮ್ ಆರಂಭದಲ್ಲಿರುವ ವಿವರಗಳ ಭಾಗದ, ಅಂದರೆ ಹೆಡರಿನ, ಚೆಕ್‌ಸಮ್ (ತಾಳೆ ನೋಡುವ ಮೊತ್ತ) ತಪ್ಪಿರಬೇಕು. ಲೋಗೋ ಆದಮೇಲೆ ಯಂತ್ರ ಹೆಡರಿನ ಬೈಟ್‌ಗಳನ್ನು ಕೂಡಿ ನೋಡುತ್ತದೆ, ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಬೂಟ್ ಹಂತ ಬಿಟ್ಟು ನೇರ ಆಟಕ್ಕೆ ಹೋಗುವ ಎಮ್ಯುಲೇಟರ್ ಇದನ್ನು ಗಮನಿಸುವುದಿಲ್ಲ. ಆರ್‌ಜಿಬಿಡಿಎಸ್ ಜೊತೆ ಬರುವ ಆರ್‌ಜಿಬಿಫಿಕ್ಸ್ ಎಂಬ ಪ್ರೋಗ್ರಾಮನ್ನು ರೋಮ್ ಮೇಲೆ ಒಮ್ಮೆ ಓಡಿಸಿ. ಅದೇ ಗಳಿಗೆಯಲ್ಲಿ ಕಾರ್ಟ್ರಿಡ್ಜ್ ಬಗೆ ಮತ್ತು ಸೇವ್ ರ‍್ಯಾಮ್ ಗಾತ್ರದ ಬೈಟ್‌ಗಳನ್ನೂ ಪರೀಕ್ಷಿಸಿ. 32 ಕಿಲೋಬೈಟ್ ದಾಟಿದ ಆಟಕ್ಕೆ ರೋಮ್ ತುಂಡುಗಳನ್ನು (ಬ್ಯಾಂಕ್) ಬೇಕಾದಂತೆ ಬದಲಿಸಿ ಯಂತ್ರಕ್ಕೆ ಕಾಣಿಸುವ ಚಿಪ್ ಬೇಕು, ಎಂಬಿಸಿ 5 ಎಂದು ನಮೂದಿಸಿದರೆ 8 ಮೆಗಾಬೈಟ್‌ವರೆಗೆ ಜಾಗ ಸಿಗುತ್ತದೆ.